ಅಣ್ಣನ ಗಾಡಿಯ ಕೀಲಿ

ಯಲ್ಲಾಪುರದ ನಾಕಾದಲ್ಲಿ, ಕುಡಿದು ಗಾಡಿ ಓಡಿಸುವವರನ್ನು ಹಿಡಿಯುತ್ತಿದ್ದ ಆ ಹೆಡ್ ಕಾನ್‌ಸ್ಟೇಬಲಮ್ಮ ಪ್ರತಿ ಚಾಲಕನ ಎದುರೇ ಯಂತ್ರಕ್ಕೆ ಹೊಸ ನಳಿಕೆ ಸಿಕ್ಕಿಸಿ, "ಪೂರಾ ಊದ್ರಿ" ಎನ್ನುತ್ತಿದ್ದರು. ಅರ್ಧಕ್ಕೇ ನಿಲ್ಲಿಸಿದವರಿಗೂ ಮತ್ತೆ ಅದೇ ಮಾತು.

ಒಂದು ಮಧ್ಯಾಹ್ನ, ನಾವು ಮದುವೆಯೂಟ ಮುಗಿಸಿ ಹೊರಟಿದ್ದ ಟೆಂಪೊವನ್ನು ಅವರು ತಡೆದರು. ಅದನ್ನು ಓಡಿಸುತ್ತಿದ್ದವನು ಅವರ ಸ್ವಂತ ಅಣ್ಣ.

"ಬಿಡೇ ತಂಗೀ, ಮುಂದೆ ಘಟ್ಟ ಇಳೀಬೇಕು, ಹೊತ್ತಾಗ್ತದೆ," ಎಂದ ಅವನು.

"ಘಟ್ಟ ಅದೆ ಅಂತ್ಲೇ ನಿಲ್ಸಿದ್ದು. ಪೂರಾ ಊದು."

ಯಂತ್ರದಲ್ಲಿ ಕೆಂಪು ದೀಪ ಹೊತ್ತಿತು. ನಾವೆಲ್ಲ ಅವನ ಪರವಾಗಿ ಬೇಡಿಕೊಂಡೆವು. ಅವರು ಕೀಲಿ ತೆಗೆದುಕೊಂಡು, ಕೇಸು ಬರೆದು, ನಮಗೆ ಬೇರೆ ಗಾಡಿ ಹುಡುಕಿಕೊಟ್ಟರು. ಆಮೇಲೆ ಅಣ್ಣನ ಹೆಂಡತಿಗೆ ತಾವೇ ಫೋನು ಮಾಡಿದರು:

"ಅತ್ತಿಗೆ, ಅಣ್ಣ ಸಿಟ್ಟಲ್ಲಿ ಬರ್ತಾನೆ. ಆದ್ರೆ ಬರ್ತಾನೆ. ಊಟ ಬಡಿಸು."