ಅಣ್ಣನನ್ನು ಸೌದಿಗೆ ಕಳಿಸಿದವನು ನಾನು

ಫೋನು ಬಂದಾಗ ನನ್ನ ಕೈಯೆಲ್ಲ ಗ್ರೀಸು. ಭದ್ರಾವತಿಯಲ್ಲಿ ನನ್ನದೊಂದು ಸಣ್ಣ ಗ್ಯಾರೇಜಿದೆ. ಬೈಕಿನ ಕೆಲಸಕ್ಕೆ ಬಂದಿದ್ದ ನಮ್ಮ ಬೀದಿಯವರೇ ಒಬ್ಬರು ಫೋನೆತ್ತಿ ನನ್ನ ಕಿವಿಗೆ ಹಿಡಿದರು.

“ಶಿವಮೊಗ್ಗದಿಂದ ಮಾತಾಡ್ತಿದೀನಿ. ಪಾಲಿಕೆಯ ನಿರಾಶ್ರಿತರ ತಂಗುದಾಣ ನೋಡ್ಕೊಳ್ಳೋನು. ನಿಮ್ಮಣ್ಣ ನಮ್ಮಲ್ಲಿದಾರೆ. ಈಗ ಕುಡಿತ ಬಿಟ್ಟು ಕೆಲ್ಸಕ್ಕೂ ಹೋಗ್ತಿದಾರೆ. ಇಲ್ಲಿ ಇರೋ ಅವಧಿ ಮುಗೀತಾ ಬಂತು. ಒಂದು ಬಾಡಿಗೆ ರೂಮ್ ಸಿಕ್ಕಿದೆ. ಮನೆಯೋರು ಒಬ್ರು ಬಂದು ಮಾತಾಡಿದ್ರೆ ಕೊಡ್ತೀನಿ ಅಂತಾರೆ ಓನರು. ಸಂಜೆ ಒಳಗೆ ಬರ್ತೀರಾ?”

“ನಮ್ಮಣ್ಣ ಸೌದೀಲಿದಾನೆ” ಅಂದೆ.

ಆ ಕಡೆಯಿಂದ ನಗು. “ಯಾವ ಸೌದಿ ಮಾರಾಯ್ರೆ? ನನ್ನೆದುರಿಗೇ ಕೂತು ಟೀ ಕುಡೀತಿದಾರೆ. ಕೊಡ್ಲಾ ಫೋನು?”

“ರಾಂಗ್ ನಂಬರ್” ಎಂದು ಕಿವಿಯನ್ನು ಆಚೆ ಎಳೆದುಕೊಂಡೆ. ಗಿರಾಕಿ, “ಯಾರಂತೆ?” ಎಂದರು. “ಯಾರೋ ಅಣ್ಣಂಗೆ ಲೋನ್ ಬೇಕಾ ಅಂತಾರೆ” ಎಂದೆ. ಸ್ಪ್ಯಾನರ್ ಮತ್ತೆ ಕೈಗೆತ್ತಿಕೊಂಡೆ. ಅಣ್ಣ ಅದನ್ನೆಲ್ಲ ಆ ಫೋನಿನ ಎದುರಿಗೇ ಕೂತು ಕೇಳಿಸಿಕೊಂಡಿರಬೇಕು ಎಂದು ಹೊಳೆದಾಗ, ಬಿಗಿಯಬೇಕಾದ ನಟ್ಟನ್ನು ಬಿಚ್ಚುತ್ತಿದ್ದೆ.

ನಾನು ಏಳನೇ ಕ್ಲಾಸಿನವರೆಗೆ ಕನ್ನಡ ಶಾಲೆಗೆ ಹೋದವನು. ಬರೆದು ಅಭ್ಯಾಸವಿಲ್ಲ. ಆದರೂ ಆ ಸುಳ್ಳು ಎಲ್ಲಿಂದ ಬಂತೆಂದು ಹೇಳಬೇಕು. ಅಣ್ಣ ಲಾರಿ ಓಡಿಸುತ್ತಿದ್ದ. ಒಂದು ಅಪಘಾತದಲ್ಲಿ ಕಾಲು ಮುರಿದುಕೊಂಡ ಮೇಲೆ ಕುಡಿತಕ್ಕೆ ಬಿದ್ದು ಮನೆಬಿಟ್ಟ. ಶಿವಮೊಗ್ಗದ ಬಸ್ ಸ್ಟ್ಯಾಂಡಿನ ಹತ್ತಿರ ಗೋಣಿಚೀಲದ ಮೇಲೆ ಮಲಗಿದ್ದವನನ್ನು ನಾನೇ ಒಮ್ಮೆ ನೋಡಿದ್ದೆ. ಎಬ್ಬಿಸಲಿಲ್ಲ. ಅದೇ ಸಮಯಕ್ಕೆ ತಂಗಿಯನ್ನು ನೋಡಲು ಬಂದ ಗಂಡಿನ ಕಡೆಯವರು, “ದೊಡ್ಡ ಮಗ ಎಲ್ಲಿ?” ಎಂದು ಕೇಳಿದರು. ನಮ್ಮ ಬೀದಿಯಲ್ಲಿ ಮನೆಗೊಬ್ಬರು ಗಲ್ಫಿನಲ್ಲಿದ್ದಾರೆ. ಕಾಣದ ಮಗನಿಗೆ ಅದಕ್ಕಿಂತ ಒಳ್ಳೆಯ ಜಾಗ ನನಗೆ ತೋಚಲಿಲ್ಲ. ಸೌದಿಯಲ್ಲಿದ್ದಾನೆ ಎಂದೆ, ಮದುವೆಯೂ ಆಯಿತು.

ಸೌದಿಗೆ ಹೋದವನು ಸಾಮಾನು ಕಳಿಸದೆ ಇದ್ದರೆ ಜನ ನಂಬುವುದಿಲ್ಲ. ಹಾಗಾಗಿ ಪ್ರತಿ ರಂಜಾನಿಗೆ ಶಿವಮೊಗ್ಗದ ಗಾಂಧಿ ಬಜಾರಿಗೆ ಹೋಗಿ ಖರ್ಜೂರ, ಅತ್ತರು, ವಿದೇಶಿ ಸೋಪು ಕೊಳ್ಳುತ್ತಿದ್ದೆ. ಒಮ್ಮೆ ಹುಲಿಯ ಚಿತ್ರವಿದ್ದ ದಪ್ಪ ಬ್ಲಾಂಕೆಟ್ಟೂ ತಂದೆ. ಅಂಗಡಿಯ ಚೀಟಿ ಕಿತ್ತು, ರಟ್ಟಿನ ಪೆಟ್ಟಿಗೆಗೆ ತುಂಬಿ, ಗಲ್ಫಿನಿಂದ ಬರುವವರು ಕಟ್ಟುವ ಹಾಗೆಯೇ ಸುತ್ತಲೂ ಟೇಪು ಸುತ್ತಿ ಹಗ್ಗ ಬಿಗಿಯುತ್ತಿದ್ದೆ. ಮಾರ್ಕರಿನಲ್ಲಿ ದೊಡ್ಡದಾಗಿ ನಮ್ಮ ಮನೆ ವಿಳಾಸ ಬರೆಯುತ್ತಿದ್ದೆ. “ರಜೆಗೆ ಬಂದ ಸ್ನೇಹಿತರ ಕೈಲಿ ಭಾಯ್ ಕಳ್ಸಿದಾನೆ” ಎಂದು ತಂಗಿಯ ಅತ್ತೆ ಮನೆಗೆ, ಅಕ್ಕಪಕ್ಕಕ್ಕೆ ಹಂಚುತ್ತಿದ್ದೆ. ಅಮ್ಮಿಗೂ ಅದನ್ನೇ ಹೇಳಿ ಒಂದು ಡಬ್ಬಿ ಖರ್ಜೂರ ಕೊಡುತ್ತಿದ್ದೆ. ಹಗ್ಗದ ಗಂಟು ಬಿಗಿಯುವಾಗ ನನಗೆ ಒಳ್ಳೆ ಕೆಲಸ ಮಾಡಿದಂತೆ ಅನ್ನಿಸುತ್ತಿತ್ತು. ಅದನ್ನು ಬರೆಯಲು ಈಗ ನಾಚಿಕೆಯಾಗುತ್ತದೆ.

ಅವತ್ತು ರಾತ್ರಿ ಮನೆಗೆ ಹೋದಾಗ ಅಮ್ಮಿ ಬಾಗಿಲಲ್ಲೇ ನಿಂತಿದ್ದಳು. ಬುರ್ಖಾ ಇನ್ನೂ ತೆಗೆದಿರಲಿಲ್ಲ.

“ಫೋನ್ ಬಂದಿತ್ತಾ?”

“ಯಾವ ಫೋನು?”

“ನಿನ್ನ ನಂಬರ್ ಕೊಟ್ಟೋಳೇ ನಾನು. ಓನರು ನನ್ನ ನೋಡಿ, ವಯಸ್ಸಾದೋರು ನೀವು, ದುಡಿಯೋ ಗಂಡಸು ಯಾರಾದ್ರೂ ಬರ್ಲಿ ಅಂದ. ಕತ್ತಲಾಗೋವರೆಗೂ ಕಾದ. ಆಮೇಲೆ ರೂಮನ್ನ ಬೇರೆಯೋರಿಗೆ ಕೊಟ್ಟ.”

ಅವಳು ಪ್ರತಿ ಶುಕ್ರವಾರ ಸರ್ಕಾರಿ ಬಸ್ಸಿಗೆ ಕಾದು, ಆಧಾರ್ ಕಾರ್ಡ್ ತೋರಿಸಿ, ಫ್ರೀ ಟಿಕೆಟಿನಲ್ಲಿ ಶಿವಮೊಗ್ಗಕ್ಕೆ ಹೋಗಿ ಬರುತ್ತಿದ್ದಳಂತೆ. ಮೊಣಕಾಲಿನ ಔಷಧಿಗೆ ಎಂದು ನಾನು ತಿಳಿದಿದ್ದೆ.

“ನಿಂಗೆ ಹೆಂಗೆ ಗೊತ್ತಾಯ್ತು ಅಮ್ಮಿ?”

“ಈದ್ ದಿನಾನೂ ಫೋನ್ ಮಾಡದ ಮಗ ಖರ್ಜೂರ ಕಳಿಸ್ತಾನೇನೋ? ಲಾರಿ ಸ್ಟ್ಯಾಂಡಲ್ಲಿ ಕೇಳಿದೆ, ಹೇಳಿದ್ರು.” ಚಪ್ಪಲಿ ಬಿಡುತ್ತಾ ಅಂದಳು, “ಆ ಖರ್ಜೂರಾನೆಲ್ಲ ಅವನಿಗೇ ತಿನ್ನಿಸಿದೀನಿ. ನೀನು ಕಳಿಸಿದ್ದು ಅಂತ ಹೇಳಿ.”

ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಒಳಗೆ ಹೋಗಿ ಒಲೆ ಹಚ್ಚಿದಳು.

ಮರುದಿನ ಗ್ಯಾರೇಜು ತೆಗೆಯದೆ ಶಿವಮೊಗ್ಗಕ್ಕೆ ಹೋದೆ. ತಂಗುದಾಣ ಎಂದರೆ ಕೊಳಕು ಜಾಗ ಎಂದುಕೊಂಡಿದ್ದೆ. ಸಾಲಾಗಿ ಕಬ್ಬಿಣದ ಮಂಚಗಳಿದ್ದವು, ಆಗಷ್ಟೇ ನೆಲ ಒರೆಸಿ ಫಿನಾಯಿಲ್ ವಾಸನೆ ಬರುತ್ತಿತ್ತು. ಅಣ್ಣ ಕಿಟಕಿ ಬಳಿ ಕೂತು ಅಂಗಿಗೆ ಗುಂಡಿ ಹೊಲಿಯುತ್ತಿದ್ದ. ಗಡ್ಡ ಬೆಳ್ಳಗಾಗಿತ್ತು. ನನಗಿಂತ ಆರೋಗ್ಯವಾಗಿದ್ದ.

“ಬಾರೋ ರಾಂಗ್ ನಂಬರ್” ಅಂದ.

ಫೋನ್ ಮಾಡಿದ್ದ ಮೇಲ್ವಿಚಾರಕರು ಅವನ ಮಂಚ ಇನ್ನೊಬ್ಬರಿಗೆ ನಿಗದಿಯಾಗಿದೆ ಎಂದರು. ರೂಮು ಸಿಗುವವರೆಗೆ ಹೇಗಾದರೂ ನಾಲ್ಕು ದಿನ ಸುಧಾರಿಸಬಹುದು, ಅಷ್ಟರ ಮೇಲೆ ತಮ್ಮ ಕೈಯಲ್ಲಿಲ್ಲ ಎಂದರು. ನಾನು ಅಣ್ಣನಿಗೆ, “ಮನೆಗೆ ಬಾ ಭಾಯ್” ಎಂದೆ.

“ಬಂದು? ತಂಗಿ ಅತ್ತೆ ಏನ್ ತಂದ್ಯಪ್ಪಾ ಅಂತ ಕೇಳಿದ್ರೆ ಈ ಸೂಜಿ ದಾರ ಕೊಡ್ಲಾ? ಅವಳ ಸಂಸಾರ ನೆಟ್ಟಗಿರ್ಲಿ. ನಂಗೆ ರೂಮ್ ಸಾಕು. ಬೆಳಿಗ್ಗೆ ತರಕಾರಿ ಮಂಡೀಲಿ ಕೆಲ್ಸ ಐತೆ, ಇಲ್ಲಿಂದ ಹತ್ರ.”

ಮಧ್ಯಾಹ್ನ ಇಬ್ಬರೂ ರೂಮು ಹುಡುಕಲು ಹೊರಟೆವು. ಅವನು ಕಾಲೆಳೆದುಕೊಂಡು ನಡೆಯುತ್ತಿದ್ದ, ನಾನು ಅವನ ನಡಿಗೆಗೆ ಹೊಂದಿಕೊಳ್ಳಲು ಕಲಿಯಬೇಕಾಯಿತು. ಮೊದಲ ಮನೆಯ ಹೆಂಗಸು ಒಳ್ಳೆಯ ಮಾತಿನಲ್ಲೇ ವಿಚಾರಿಸಿದರು. ನೀವ್ಯಾರು, ಏನು ಕೆಲಸ, ಕುಡಿತ ಇದೆಯಾ. “ನಾನು ತಮ್ಮ” ಎಂದೆ. ಆ ಮಾತು ಹೇಳದೆ ಎಷ್ಟೋ ಕಾಲವಾಗಿತ್ತು.

“ಇಷ್ಟು ದಿನ ಎಲ್ಲಿದ್ರು ಇವ್ರು?”

ಸುಳ್ಳು ನಾಲಿಗೆ ತುದಿಯಲ್ಲೇ ಸಿದ್ಧವಾಗಿತ್ತು. ಅದು ಎಷ್ಟು ಸಲೀಸಾಗಿ ಬಂದಿತ್ತೆಂದರೆ ನನಗೇ ಭಯವಾಯಿತು.

“ಪಾಲಿಕೆ ತಂಗುದಾಣದಲ್ಲಿ. ಅದಕ್ಕೂ ಮುಂಚೆ ಫುಟ್‌ಪಾತಲ್ಲಿ.”

ಆಕೆ ಒಳಗೆ ನೋಡಿದರು. ರೂಮು ಸಂಬಂಧಿಕರಿಗೆ ಬೇಕಂತೆ ಎಂದು ಬಾಗಿಲು ಮುಂದೆ ಮಾಡಿದರು.

ಬೀದಿಗೆ ಬಂದ ಮೇಲೆ ಅಣ್ಣ ನಗತೊಡಗಿದ. “ಲೇ, ಸೌದಿ ಅಂದಿದ್ರೆ ಬೀಗದ ಕೈ ಕೊಡ್ತಿದ್ಳಲ್ಲೋ!”

ನನಗೆ ನಗಲಾಗಲಿಲ್ಲ. ತಂಗಿಯ ಅತ್ತೆ ಮನೆಗೆ ನಿಜ ಹೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ. ಅವತ್ತು ಮಾಡಿದ್ದು ಇಷ್ಟೇ. ಪಕ್ಕದ ಓಣಿಯಲ್ಲಿ ‘ಬಾಡಿಗೆಗಿದೆ’ ಎಂದು ಬರೆದಿದ್ದ ಗೇಟನ್ನು ಅಣ್ಣನಿಗಿಂತ ಮೊದಲು ಹೋಗಿ ತಟ್ಟಿದೆ. ಒಳಗಿನಿಂದ ಮುದುಕರೊಬ್ಬರು ಯಾರು ಎಂದು ಕೇಳಿದರು. “ರೂಮ್ ಕೇಳೋಕೆ ಬಂದಿದೀವಿ, ನಾನೂ ನಮ್ಮಣ್ಣನೂ” ಎಂದು, ಓಣಿಯ ಆ ಕಡೆಯವರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ.