ಭಾಗಕ್ಕನ ಫೋಟೋ ಮಿಷನ್ನು

ನನ್ನ ಓರಗಿತ್ತಿ ಭಾಗಮ್ಮ ಯಾರ ಮಾತಿಗೂ ಸೊಪ್ಪು ಹಾಕುವವಳಲ್ಲ. ಬೀರೂರಿನ ಮಲ್ಲಿಕಾರ್ಜುನಯ್ಯನವರು ವಯಸ್ಸಾಯಿತೆಂದು ಸ್ಟುಡಿಯೋ ಮುಚ್ಚುತ್ತಾರೆ ಎಂಬ ಸುದ್ದಿ ಬಂದದ್ದೇ ತಡ, ಮನೆಯವರೆಲ್ಲ ಬೇಡವೆಂದರೂ ಹೋಗಿ, ಅವರ ಡಿಜಿಟಲ್ ಕ್ಯಾಮೆರಾವನ್ನೂ ಊಟದ ಡಬ್ಬಿಯಷ್ಟೇ ಇದ್ದ ಪುಟ್ಟ ಫೋಟೋ ಪ್ರಿಂಟರನ್ನೂ ಸೆರಗಿನಲ್ಲಿ ಮುಚ್ಚಿಕೊಂಡು ಸಿಂಗಟಗೆರೆಗೆ ತಂದೇಬಿಟ್ಟಳು. ತನ್ನ ಹೊಲಿಗೆ ಮಿಷನ್ ಪಕ್ಕದಲ್ಲಿ ಒಂದು ಮಣೆ ಹಾಕಿ ಪ್ರಿಂಟರನ್ನು ಮದುಮಗಳ ಹಾಗೆ ಕೂರಿಸಿದಳು.

ನಾನು ಸುಮ್ಮನಿರುವ ಪೈಕಿ ಅಲ್ಲ. "ಎಲ್ಲರ ಕೈಲೂ ಫೋನೈತೆ, ಫೋನ್ ತುಂಬ ಫೋಟೋ ಐತೆ. ಈ ಡಬ್ಬಿ ಯಾಕಕ್ಕಾ?" ಎಂದೆ.

"ಫೋನಿಗೆ ಹೂವ ಮುಡಿಸ್ತೀಯೇನೇ ಅನುಪಮಾ?" ಎಂದಳು.

ಅವಳು ಹೇಳಿದ್ದೇ ಸರಿಯಾಯಿತು. ಮಹಾಲಯ ಅಮಾವಾಸ್ಯೆ ಹತ್ತಿರ ಬಂದರೆ ಸಾಕು, ನಮ್ಮ ಜಗಲಿ ತುಂಬ ಜನ. ಹಿರಿಯರ ಹಬ್ಬದಲ್ಲಿ ತೀರಿಕೊಂಡವರಿಗೆ ಎಡೆ ಇಡುವಾಗ ಮುಂದೆ ಒಂದು ಫೋಟೋ ಇರಲಿ ಎಂದು ಎಲ್ಲರಿಗೂ ಆಸೆ. ಯಾರದೋ ಮದುವೆಯಲ್ಲಿ ಊಟಕ್ಕೆ ಕೂತಿದ್ದ ಅಜ್ಜ, ಮೊಮ್ಮಗುವಿನ ನಾಮಕರಣದಲ್ಲಿ ಓರೆಯಾಗಿ ಸಿಕ್ಕಿದ್ದ ಅಜ್ಜಿ, ಎಲ್ಲರೂ ಫೋನಿನಿಂದ ಇಳಿದು ಭಾಗಕ್ಕನ ಕಾಗದಕ್ಕೆ ಬರುತ್ತಿದ್ದರು.

ಆ ಮಿಷನ್ನು ಫೋಟೋವನ್ನು ಒಂದೇ ಸಲಕ್ಕೆ ಕೊಡುವುದಿಲ್ಲ. ಕಾಗದವನ್ನು ಒಳಗೆಳೆದು ಮೊದಲು ಬರೀ ಹಳದಿ ಬಳಿದು ಹೊರಗೆ ಚಾಚುತ್ತದೆ. ಮತ್ತೆ ಒಳಗೆಳೆದು ಕೆಂಪು, ಮತ್ತೊಮ್ಮೆ ನೀಲಿ, ಕಡೆಗೆ ಒಂದು ಹೊಳಪು. ಮೊದಲ ವರ್ಷ ಬಂದಿದ್ದ ತಿಮ್ಮರಾಯಪ್ಪ ಹಳದಿ ಮುಖ ಕಂಡದ್ದೇ ಎದ್ದು ನಿಂತ. "ಅಯ್ಯೋ ಭಾಗಮ್ಮಾ, ನಮ್ಮವ್ವಂಗೆ ಸತ್ತ ಮ್ಯಾಲೆ ಕಾಮಾಲೆ ಬಂತಲ್ಲವ್ವಾ!"

"ಕೂತ್ಕಳಪ್ಪ ಸುಮ್ನೆ. ಮೊದ್ಲು ಅರಿಶಿನ, ಆಮ್ಯಾಲೆ ಕುಂಕುಮ. ಹೆಂಗಸ್ರು ಸಿಂಗಾರ ಮಾಡ್ಕಳೋಗಂಟ ತಡಿಯಾಕಾಗಲ್ವಾ ನಿಂಗೆ?" ಎಂದು ಗದರಿದಳು ಭಾಗಕ್ಕ. ಜಗಲಿಯವರೆಲ್ಲ ಬಿದ್ದು ಬಿದ್ದು ನಕ್ಕರು.

ಆದರೆ ಮುಖ ಪೂರ್ತಿ ಮೂಡಿ ಬರುವ ಹೊತ್ತಿಗೆ ಅವಳ ಬಾಯಿ ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಇನ್ನೊಬ್ಬರ ತಾಯಿಯನ್ನು ಅವರಿಗಿಂತ ಹೆಚ್ಚು ಹೊತ್ತು ತಾನೇ ನೋಡುತ್ತಿದ್ದಳು. ಕಾರಣ ಮನೆಯವರಿಗೆಲ್ಲ ಗೊತ್ತು. ಭಾಗಕ್ಕ ಅಂಬೆಗಾಲಿಡುವಾಗಲೇ ಅವಳ ತಾಯಿ ತೀರಿಕೊಂಡಳು. ಅಪ್ಪ ಇನ್ನೊಂದು ಮದುವೆಯಾದ. ತಾಯಿಯ ಕಡೆಯವರ ಜೊತೆ ಹೋಗಿಬರುವುದು ನಿಂತುಹೋಯಿತು. ಮನೆಯಲ್ಲಿ ಒಂದು ಫೋಟೋ ಇಲ್ಲ. "ನಮ್ಮವ್ವ ಹೆಂಗಿದ್ಲಪ್ಪ?" ಎಂದು ಕೇಳಿದರೆ "ಒಳ್ಳೇವ್ಳು" ಎಂದು ಅಪ್ಪ ಹೊಲದ ಕಡೆ ಹೊರಟುಬಿಡುತ್ತಿದ್ದನಂತೆ. ಒಳ್ಳೆಯವಳ ಮೂಗು ಹೇಗಿರುತ್ತದೆ, ಕಣ್ಣು ಹೇಗಿರುತ್ತದೆ? ಆ ಗಂಡಸಿನ ಮೇಲೆ ನನಗೆ ಈಗಲೂ ಸಿಟ್ಟಿದೆ.

"ದಾರೀಲಿ ಎದುರಿಗೆ ಬಂದ್ರೂ ನಂಗೆ ಗುರ್ತು ಸಿಗಲ್ಲ ಕಣೇ" ಎಂದಿದ್ದಳು ಒಮ್ಮೆ. "ಯಾರೋ ಅಂದ್ಕಂಡು ಮುಂದಕ್ಕೆ ಹೋಗ್ಬಿಡ್ತೀನಿ."

ಕಳೆದ ವರ್ಷ ಹಬ್ಬಕ್ಕೆ ಮುಂಚೆ ಅಜ್ಜಂಪುರದಿಂದ ತೆಂಗಿನಕಾಯಿ ವ್ಯಾಪಾರಕ್ಕೆ ಬಂದಿದ್ದ ಹಾಲೇಶ ಎಂಬುವನು ತನ್ನ ಅಪ್ಪನ ಫೋಟೋ ಪ್ರಿಂಟ್ ಹಾಕಿಸಲು ಬಂದ. ಊರು ಮನೆತನ ಎಂದು ಮಾತಿಗೆ ಮಾತು ಬೆಳೆದು, ಅವನು ಭಾಗಕ್ಕನ ತಾಯಿಯ ಸ್ವಂತ ತಂಗಿಯ ಮಗ ಎಂಬುದು ಹೊರಬಿತ್ತು.

"ನಮ್ಮ ದೇವರ ಗೂಡಿನಾಗೆ ದೊಡ್ಡವ್ವನ ಫೋಟೋ ಐತಲ್ಲಕ್ಕಾ! ಅವ್ವನೂ ದೊಡ್ಡವ್ವನೂ ಒಟ್ಟಿಗೆ ನಿಂತಿರೋದು" ಎಂದ ಅವನು. "ಮುಖ ಹೆಂಗೈತಪ್ಪಾ?" ಎಂದು ಇವಳು ಕೇಳಿದರೆ, "ದಿನಾ ಕೈ ಮುಗೀತೀನಿ, ದಿಟ್ಟಿಸಿ ಯಾವತ್ತು ನೋಡೀನಿ? ತಡಿ, ಫೋನಲ್ಲಿ ತೆಗೆದು ಕಳಿಸ್ತೀನಿ" ಎಂದ.

"ಬ್ಯಾಡಪ್ಪ. ನಮ್ಮವ್ವನ್ನ ನೋಡಾಕೆ ನಾನೇ ಬತ್ತೀನಿ" ಎಂದಳು ಭಾಗಕ್ಕ.

ಆ ಶುಕ್ರವಾರ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು, ಮಡಿಕೆ ಬಿಚ್ಚದೆ ಇಟ್ಟಿದ್ದ ಸೀರೆ ಉಟ್ಟು, ಕ್ಯಾಮೆರಾ ಪ್ರಿಂಟರು ಎರಡನ್ನೂ ಟವೆಲಿನಲ್ಲಿ ಸುತ್ತಿ ಚೀಲಕ್ಕಿಟ್ಟುಕೊಂಡಳು. ಜೊತೆಗೆ ನಾನು. "ಹೆಣ್ಣು ನೋಡಾಕೆ ಹೊರಟಂಗೈತಲ್ಲಕ್ಕಾ" ಎಂದು ರೇಗಿಸಿದೆ. "ಹೂಂ ಮತ್ತೆ" ಎಂದು ನಕ್ಕಳು. ಬೀರೂರಿನಲ್ಲಿ ರೈಲು ಹತ್ತಿದ ಮೇಲೆ ಅಜ್ಜಂಪುರ ಬರುವವರೆಗೂ ಆ ಚೀಲವನ್ನು ತೊಡೆಯಿಂದ ಕೆಳಗಿಳಿಸಲಿಲ್ಲ.

ಹಾಲೇಶನ ಅವ್ವ, ಭಾಗಕ್ಕನ ಚಿಕ್ಕವ್ವ ಹನುಮಂತಮ್ಮ ಬಾಗಿಲಲ್ಲೇ ಕಾದಿತ್ತು. ಭಾಗಕ್ಕನ ಗಲ್ಲ ಹಿಡಿದು, "ನಮ್ಮಕ್ಕನ ಮಗಳೇ" ಎಂದು ಅತ್ತು, ಕೈಹಿಡಿದು ನೇರ ದೇವರ ಗೂಡಿನ ಮುಂದೆ ಕರೆದುಕೊಂಡು ಹೋಯಿತು. ಅಲ್ಲಿ ಕಪ್ಪುಬಿಳುಪಿನ ಹಳೇ ಫೋಟೋ. ಉದ್ದ ಜಡೆಯ ಇಬ್ಬರು ಹುಡುಗಿಯರು ಕೈಕೈ ಹಿಡಿದು ನಿಂತಿದ್ದಾರೆ. ಎಡಗಡೆಯವಳು ಹನುಮಂತಮ್ಮ, ಹುಬ್ಬಿನ ಕೂದಲೂ ಎಣಿಸುವಷ್ಟು ಸ್ಪಷ್ಟ. ಬಲಗಡೆಯವಳಿಗೆ ಸೀರೆಯಿದೆ, ಬಳೆಯಿದೆ, ಜಡೆಯಲ್ಲಿ ಹೂವೂ ಇದೆ. ಮುಖ ಇರಬೇಕಾದಲ್ಲಿ ಗಟ್ಟಿಯಾದ ಕುಂಕುಮದ ಹೆಪ್ಪು.

ಗಾಜು ಒಡೆದು ಯಾವ ಕಾಲವಾಗಿತ್ತೋ. ಅಂದಿನಿಂದ ಪ್ರತಿ ಶುಕ್ರವಾರ ಮುದುಕಿ ಒದ್ದೆ ಬೆರಳಿನಲ್ಲಿ ಅಕ್ಕನ ಹಣೆಗೆ ಕುಂಕುಮ ಇಟ್ಟಿದೆ. ಹಣೆ ತುಂಬಿ, ಕಣ್ಣಿಗಿಳಿದು, ಕೆನ್ನೆಗೆ ಹರಡಿದೆ. ಅಂದು ಬೆಳಿಗ್ಗೆ ಇಟ್ಟಿದ್ದು ಇನ್ನೂ ಹಸಿಯಾಗಿಯೇ ಇತ್ತು.

ಭಾಗಕ್ಕ ಸೆರಗಿನ ತುದಿಯಿಂದ ಮೆಲ್ಲಗೆ ಒತ್ತಿದಳು. ಒಂದು ಚಕ್ಕೆ ಎದ್ದು ಬಂತು. ಅದರ ಜೊತೆಗೆ ಫೋಟೋವೂ ಎದ್ದು ಬಂತು. ಕೆಳಗೆ ಬಿಳೀ ಕಾಗದ. ಕೈ ಸುಟ್ಟವಳಂತೆ ಹಿಂದಕ್ಕೆ ಸರಿದಳು.

"ಹೋಗ್ಲಿ ಬಿಡು ಚಿಕ್ಕವ್ವ" ಎಂದಳು. "ನೀನಿದೀಯಲ್ಲ, ನೀನು ಹೇಳು. ಮೂಗು ಹೆಂಗಿತ್ತು? ಕಣ್ಣು ದೊಡ್ಡವಾ? ನಕ್ರೆ ಹೆಂಗೆ ಕಾಣ್ತಿದ್ಲು?"

ಮುದುಕಿ ಕಣ್ಣು ಮುಚ್ಚಿ ಕೂತಿತು. ಒಮ್ಮೆ ಕೈಯನ್ನು ತನ್ನ ಮೂಗಿನವರೆಗೂ ಒಯ್ದು ಇಳಿಸಿತು. ಆಮೇಲೆ ಭೋರೆಂದು ಅಳತೊಡಗಿತು. "ನೆಪ್ಪಾಗ್ತಿಲ್ಲ ಕಣವ್ವಾ. ಕಣ್ಣು ಮುಚ್ಚುದ್ರೆ ಈ ಕುಂಕುಮಾನೇ ಕಾಣ್ತದೆ. ಇಷ್ಟು ವರ್ಸ ಇದುನ್ನೇ ಅಕ್ಕ ಅಂದ್ಕಂಡು ನೋಡ್ತಾ ಕುಂತಿದ್ದೆ."

ನನಗೆ ರೇಗಿಹೋಗಿತ್ತು, ನಾಲ್ಕು ಮಾತು ಅಂದೇಬಿಡಬೇಕೆಂದಿದ್ದೆ. ಆದರೆ ಭಾಗಕ್ಕನೇ ಮುದುಕಿಯ ಬೆನ್ನು ಸವರುತ್ತಿದ್ದಳು, ನಾನ್ಯಾವ ಬಾಯಲ್ಲಿ ಅನ್ನಲಿ? ಆಮೇಲೆ ಅವಳು ಕ್ಯಾಮೆರಾ ತೆಗೆದು, ಆ ಫೋಟೋದಲ್ಲಿ ಬಲಗಡೆಯವಳನ್ನಷ್ಟೇ ಹೇಗಿದ್ದಳೋ ಹಾಗೆಯೇ ಹಿಡಿದು, ನಡುಮನೆಯಲ್ಲೇ ಪ್ರಿಂಟ್ ಹಾಕಿದಳು. ಕೆಂಪಿನ ಸರದಿ ಬಂದಾಗ ಮುಖ ತಿರುಗಿಸಿ ಕಿಟಕಿಯ ಕಡೆ ನೋಡಿದಳು.

ತವರಿನ ಹಿರಿಯರಿಗೆ ಗಂಡನ ಮನೆಯಲ್ಲಿ ಎಡೆ ಇಡುವ ಪದ್ಧತಿ ನಮ್ಮಲ್ಲಿಲ್ಲ. ಆದರೆ ಅವಳ ಗಂಡ ರಂಗಪ್ಪ ಭಾವ, "ನಮ್ಮತ್ತೆ ಹಿರಿಯರಲ್ವೇನೇ? ಒಂದು ಎಲೆ ಹೆಚ್ಚಾದ್ರೆ ಏನಾಯ್ತು, ಇಡು" ಎಂದರು. ಆ ಮನುಷ್ಯನ ಬಾಯಿಂದ ವರ್ಷಕ್ಕೊಂದು ಒಳ್ಳೆಯ ಮಾತು ಬರುತ್ತದೆ, ಆ ವರ್ಷದ್ದು ಅದು. ಅತ್ತೆ ಮಾವನ ಫೋಟೋಗಳ ಪಕ್ಕದಲ್ಲಿ ಮುಖವಿಲ್ಲದ ಆ ಫೋಟೋ ಕೂತಿತು. ಭಾಗಕ್ಕ ಎಲೆಯ ತುಂಬ ಕಜ್ಜಾಯ, ವಡೆ, ಅನ್ನ, ಮಾಂಸದ ಸಾರು ಬಡಿಸಿ, ಹೊಸ ಸೀರೆ ಇಟ್ಟು ಧೂಪ ಹಾಕಿದಳು.

ಎಡೆ ಇಟ್ಟ ಮೇಲೆ ಮನೆಯವರೆಲ್ಲ ಹೊರಗೆ ಬಂದು ಬಾಗಿಲು ಮುಚ್ಚಬೇಕು. ಆ ಹೊತ್ತಿನಲ್ಲೇ ಹಿರಿಯರು ಬಂದು ಉಣ್ಣುತ್ತಾರೆ. ಬದುಕಿರುವವರ ಕಣ್ಣಿಗೆ ಅವರು ಬೀಳಬಾರದು ಎಂದು ಮಕ್ಕಳಿಗೂ ಗೊತ್ತು, ಯಾರೂ ಕಿಂಡಿಯಲ್ಲಿ ಇಣುಕುವುದೂ ಇಲ್ಲ. ನಾವೆಲ್ಲ ಜಗಲಿಗೆ ಬಂದು ನಿಂತೆವು. ಭಾಗಕ್ಕ ಬರಲಿಲ್ಲ. ಎಲೆಯ ಮುಂದೆ ಗೋಡೆಗೊರಗಿ ಕೂತಿದ್ದಳು.

ಭಾವ ಹೊಸಿಲಾಚೆ ನಿಂತು ಕರೆದರು. "ಲೇ ಭಾಗೂ, ಆಚಿಗ್ ಬಾರೇ. ಹಿರಿಯರು ಬರೋ ಹೊತ್ತು."

"ಅದ್ಕೇ ಕುಂತಿವ್ನಿ ಕಣ್ರೀ" ಎಂದಳು ಭಾಗಕ್ಕ. "ಬಂದಾಗ ಒಂದ್ಸಲ ಮುಖ ನೋಡ್ಕಂಡು ಬತ್ತೀನಿ. ಬಾಗ್ಲು ಹಾಕಿ."

ಭಾವ ನನ್ನ ಮುಖ ನೋಡಿದರು. ಅವರು ಸದ್ದಾಗದಂತೆ ಬಾಗಿಲು ಎಳೆದುಕೊಂಡು, ನಮ್ಮ ಜೊತೆ ಜಗಲಿಯ ಮೇಲೆ ಕೂತರು.