ಎಂಜಿನ್ನಿಗೆ ಹೊಯ್ದ ಚೊಗರು

ಹೊಲಿಗೆ ಮಷೀನ್ ರಿಪೇರಿ ನನ್ನ ಕಸುಬು. ಇರುವುದು ಚನ್ನಗಿರಿಯಲ್ಲಿ, ಹೊನ್ನಾಳಿ, ನ್ಯಾಮತಿ, ಜಗಳೂರು ನನ್ನ ಸುತ್ತು. ದೊಡ್ಡ ರಿಪೇರಿ ಇದ್ದರೆ ಮಷೀನಿನ ತಲೆಭಾಗವನ್ನು ಬಿಚ್ಚಿ, ಗೋಣಿಚೀಲದಲ್ಲಿ ಸುತ್ತಿ, ಬೈಕಿನ ಕ್ಯಾರಿಯರಿಗೆ ಬಿಗಿದು ಮನೆಗೆ ತರುತ್ತೇನೆ. ಸರಿಮಾಡಿ ಹಾಗೆಯೇ ಬಿಗಿದುಕೊಂಡು ಹೋಗಿ ಕೂರಿಸಿ ಬರುತ್ತೇನೆ. ಬೈಕ್ ಎಂದರೆ ಗೇರಿನ ಬೈಕು, ಸ್ಕೂಟಿಯಲ್ಲ. ಹೆಂಗಸು ಗೇರಿನ ಗಾಡಿ ಓಡಿಸುವುದರ ಬಗ್ಗೆ ಆಡಿಕೊಂಡವರು ಆಡಿಕೊಂಡು ಆಡಿಕೊಂಡು ಸುಸ್ತಾದರು. ನನಗೆ ಸುಸ್ತಾಗಲಿಲ್ಲ.

ನಮ್ಮ ಕಸುಬಿನಲ್ಲಿ ಒಂದು ರೂಢಿಯಿದೆ. ಮಷೀನು ಬಿಚ್ಚುವಾಗ ಅದರ ಒಡತಿ ಪಕ್ಕದಲ್ಲೇ ಕೂತಿರಬೇಕು. ಬಿಚ್ಚಿದ ಒಂದೊಂದು ತಿರುಪನ್ನೂ ಅವಳ ಕಣ್ಣೆದುರೇ ತಟ್ಟೆಗೆ ಹಾಕುತ್ತೇನೆ. ಬಟ್ಟೆಯನ್ನು ಮುಂದೆ ತಳ್ಳುವ ಹಲ್ಲಿನ ಕೆಳಗೆ ಗಟ್ಟಿಯಾಗಿ ಕೂತ ಬಟ್ಟೆಯ ಜುಂಗನ್ನು ಕಿತ್ತು ಅವಳ ಅಂಗೈಗೇ ಇಡುತ್ತೇನೆ. ಹೊಸ ಸ್ಪ್ರಿಂಗ್ ಹಾಕಿದರೆ ಹಳೆಯದನ್ನು ಅವಳಿಗೇ ಕೊಟ್ಟುಬರುತ್ತೇನೆ. ಆಮೇಲೆ ಯಾರೂ ಯಾರ ಮೇಲೂ ಅನುಮಾನ ಪಡಬೇಕಾಗಿಲ್ಲ.

ಬೈಕಿನ ಶೋರೂಮಿನ ರೂಢಿ ಬೇರೆ. ಅಲ್ಲಿ ನಮ್ಮನ್ನು ತಂಪು ಕೋಣೆಯಲ್ಲಿ ಸೋಫಾದ ಮೇಲೆ ಕೂರಿಸಿ ಚಹಾ ಕೊಡುತ್ತಾರೆ. ಗಾಡಿ ಗೋಡೆಯಾಚೆ ಹೋಗುತ್ತದೆ. ಮೊದಲ ಫ್ರೀ ಸರ್ವಿಸಿನಲ್ಲಿ ನಾನು ಹಿಂದೆಯೇ ಹೋಗಿದ್ದೆ.

"ಕಸ್ಟಮರ್ ಒಳಗೆ ಬರಂಗಿಲ್ಲ ಮೇಡಂ," ಎಂದು ಅಲ್ಲಿಯ ಸೂಪರ್‌ವೈಸರ್ ಬಾಗಿಲಿಗೆ ಅಡ್ಡ ನಿಂತ.

"ಸುಮ್ನೆ ನಿಂತ್ಕೊಂಡು ನೋಡ್ತೀನಿ."

"ನೋಡಾಕೆ ಏನೈತ್ರೀ ಅದ್ರಾಗೆ? ಕೂತ್ಕೊಳ್ರಿ, ಟೀವಿ ಹಾಕ್ತೀನಿ."

ಟೀವಿ ನೋಡಿ ಬಂದೆ. ಎರಡನೆಯ ಸಲವೂ, ಮೂರನೆಯ ಸಲವೂ ಟೀವಿ ನೋಡಿಯೇ ಬಂದೆ. ಗಾಡಿ ಮದುಮಗನ ಹಾಗೆ ಹೊಳೆಯುತ್ತಾ ಹೊರಗೆ ಬರುತ್ತಿತ್ತು, ಎರಡೇ ವಾರಕ್ಕೆ ಮತ್ತೆ ಏದುಸಿರು ಬಿಡುತ್ತಿತ್ತು. ಸುತ್ತಿನಲ್ಲಿ ಸಿಕ್ಕವರನ್ನೆಲ್ಲ ಕೇಳಿದೆ. ಹೊನ್ನಾಳಿಯ ಟೈಲರ್ ಒಬ್ಬರು, "ಕಂಪನಿ ಗಾಡಿನ ಕಂಪನಿಯೋರೇ ಮುಟ್ಬೇಕ್ರಿ, ಕಂಡೋರು ಮುಟ್ಟಿದ್ರೆ ಕೆಡ್ತೈತೆ" ಎಂದರು. ಸುಳ್ಳಲ್ಲ, ಅವರ ಗಾಡಿ ಬಂದು ನಿಂತದ್ದೇ ಗೊತ್ತಾಗುವುದಿಲ್ಲ. ನ್ಯಾಮತಿಯ ಟೈಲರ್ ಫ್ರೀ ಸರ್ವಿಸ್ ಮುಗಿದ ಮೇಲೆ ಶೋರೂಮಿನ ಮುಖ ನೋಡಿದವರಲ್ಲ. ಅವರ ಗಾಡಿಯ ಅರ್ಧ ಭಾಗ ತಂತಿಯಲ್ಲೇ ನಿಂತಿದೆ, ಆದರೂ ಸಂತೆಗೆ ಮೂಟೆ ಹೊರುತ್ತದೆ. ಇಬ್ಬರಲ್ಲಿ ಯಾರ ಮಾತು ಸರಿ ಎಂದು ನನಗೆ ತಿಳಿಯಲಿಲ್ಲ.

ಕೊನೆಗೆ ನನ್ನದೇ ಬುದ್ಧಿ ಓಡಿಸಿದೆ. ಮುಂದಿನ ಸರ್ವಿಸಿಗೆ ಕೊಡುವ ಮೊದಲು ಮನೆಯಲ್ಲಿ ಏರ್ ಫಿಲ್ಟರಿನ ಮುಚ್ಚಳ ತೆಗೆದು, ಫಿಲ್ಟರಿನ ಮೇಲೆ ಅಡ್ಡಲಾಗಿ ಒಂದು ಕೆಂಪು ದಾರ ಇಟ್ಟು ಮುಚ್ಚಿದೆ. ಗಾಡಿ ಮಿರಮಿರ ಮಿಂಚುತ್ತಾ ವಾಪಸು ಬಂತು. ಫಿಲ್ಟರ್ ಕ್ಲೀನ್ ಮಾಡಿದೆ ಎಂದು ಬಿಲ್ಲಿನಲ್ಲಿತ್ತು. ಮನೆಗೆ ಬಂದು ತೆಗೆದು ನೋಡಿದರೆ ದಾರ ಇಟ್ಟಲ್ಲೇ ಇದೆ. ಅದರ ಸುತ್ತ ಅಡಿಕೆ ಸಿಪ್ಪೆಯ ನಾರು, ಧೂಳು. ನನ್ನ ಮೈಯೆಲ್ಲ ಉರಿದುಹೋಯಿತು. ಚಪ್ಪಲಿ ಕೂಡ ಬದಲಿಸದೆ ವಾಪಸು ಹೋದೆ.

ಸೂಪರ್‌ವೈಸರ್ ದಾರವನ್ನೂ ನನ್ನನ್ನೂ ನೋಡಿದ. "ನೀವೇ ಮುಚ್ಚಳ ಬಿಚ್ಚಿದ್ರಾ ಮೇಡಂ? ಹಂಗೆಲ್ಲಾ ಬಿಚ್ಚಿದ್ರೆ ವಾರಂಟಿ ಹೋಗ್ತೈತೆ."

ಅವರು ಬಿಚ್ಚದೇ ಇದ್ದದ್ದು ತಪ್ಪಲ್ಲ, ನಾನು ಬಿಚ್ಚಿ ನೋಡಿದ್ದು ತಪ್ಪು! ಬಾಯಿಗೆ ಬಂದದ್ದನ್ನು ಅಂದುಬಿಡುತ್ತಿದ್ದೆ. ಆದರೆ ಅಲ್ಲಿ ನಿಂತು ಕೂಗಾಡಿ ಏನು ಬಂತು ಎನಿಸಿತು. ಇನ್ನು ಈ ಗಾಡಿಯ ತಿರುಪನ್ನು ನನ್ನ ಕೈಯೇ ತಿರುಗಿಸಬೇಕು ಎಂದುಕೊಂಡು ಹೊರಟೆ.

ಮೊದಲು ಫಿಲ್ಟರ್, ಆಮೇಲೆ ಚೈನು, ಆಮೇಲೆ ಪ್ಲಗ್ಗು. ಒಂದೊಂದನ್ನೇ ಕಲಿತೆ. ಮೊಬೈಲಿನಲ್ಲಿ ಯಾರೋ ಹಿಂದಿಯಲ್ಲಿ ಹೇಳಿಕೊಡುತ್ತಿದ್ದ. ಅವನ ಮಾತು ಅರ್ಧ ತಿಳಿಯುತ್ತಿತ್ತು, ಕೈ ಪೂರ್ತಿ ತಿಳಿಯುತ್ತಿತ್ತು. ಇನ್ನು ಎಂಜಿನ್ ಆಯಿಲ್ ಬದಲಿಸುವುದು ಉಳಿದಿತ್ತು. ಅದಕ್ಕೆ ಕೈ ಹಾಕಿದ್ದು ಮೇ ತಿಂಗಳ ಒಂದು ಶನಿವಾರ ಸಂಜೆ.

ಮೇ ತಿಂಗಳು ನನ್ನ ಸುಗ್ಗಿ. ಶಾಲೆ ಶುರುವಾಗುವ ಮೊದಲು ಎಲ್ಲ ಕಡೆ ಯೂನಿಫಾರಂ ಹೊಲಿಯುತ್ತಾರೆ, ಮಷೀನುಗಳು ಪುರಸೊತ್ತಿಲ್ಲದೆ ಓಡಿ ಕೆಡುತ್ತವೆ. ಆ ಸಲ ಜಗಳೂರಿನ ಒಂದು ಹೊಲಿಗೆ ಕೇಂದ್ರದ ಎರಡು ಮಷೀನಿನ ತಲೆ ರಿಪೇರಿ ಮುಗಿದು ನನ್ನ ಮನೆಯಲ್ಲಿದ್ದವು. ಆ ಕೇಂದ್ರದ ಕೆಲಸ ನನಗೆ ಸಿಕ್ಕಿದ್ದೇ ಹೊಸದಾಗಿ. ಅಲ್ಲಿಯವರೆಗೆ ದಾವಣಗೆರೆಯಿಂದ ಒಬ್ಬ ಮೆಕ್ಯಾನಿಕ್ ಬರುತ್ತಿದ್ದ. "ಸೋಮವಾರ ಬೆಳಿಗ್ಗೆ ನಾವು ಕೆಲ್ಸ ಶುರು ಮಾಡೋ ಹೊತ್ತಿಗೆ ಮಷೀನ್ ಬರ್ಲಿಲ್ಲ ಅಂದ್ರೆ ಹಳೇ ಮೆಕ್ಯಾನಿಕ್ಕಿಗೇ ಫೋನ್ ಮಾಡ್ತೀನಿ ನೋಡ್ರಿ" ಎಂದು ಅಲ್ಲಿಯ ಟೀಚರ್ ಮುಲಾಜಿಲ್ಲದೆ ಹೇಳಿದ್ದರು. ಹೇಳಿದ್ದರಲ್ಲಿ ನ್ಯಾಯವಿತ್ತು.

ಅಷ್ಟು ದೂರ ಹೋಗುವ ಮುಂಚೆ ಹೊಸ ಆಯಿಲ್ ಇರಲಿ ಎಂದು ಅಂಗಳದಲ್ಲಿ ಗಾಡಿ ನಿಲ್ಲಿಸಿದೆ. ಹಳೆಯ ಎಣ್ಣೆಯನ್ನು ಬೋಗುಣಿಗೆ ಬಸಿದು, ಅಡಿಯ ಬೋಲ್ಟನ್ನು ಬಿಗಿಯುತ್ತಾ ಮಲಗಿದ್ದೆ. "ಶೆಡ್ಡಿನಲ್ಲಿ ಆಯಿಲ್ ಡಬ್ಬಿ ಐತೆ, ತಂದು ಹೊಯ್ರಿ" ಎಂದು ಗಂಡನಿಗೆ ಕೂಗಿ ಹೇಳಿದೆ. ಅವರದು ಅಡಿಕೆ ಖೇಣಿ ವ್ಯಾಪಾರ, ಎಂದರೆ ಬೇರೆಯವರ ತೋಟದ ಫಸಲು ಹಿಡಿದು, ಕಾಯಿ ಸುಲಿಸಿ, ಬೇಯಿಸಿ, ಒಣಗಿಸಿ ಮಾರುವುದು. ಅವರು ಬಂದರು, ಹೊಯ್ದರು. ನಾನು ಎದ್ದು ಕಿಕ್ ಹೊಡೆದೆ. ಎಂಜಿನ್ ಶುರುವಾಯಿತು, ಆದರೆ ಸದ್ದು ಗಂಟಲಲ್ಲಿ ಏನೋ ಸಿಕ್ಕಿಕೊಂಡವರ ಸದ್ದು. ಕೂಡಲೇ ಆಫ್ ಮಾಡಿ, ಎಣ್ಣೆಯ ಅಳತೆ ಕಡ್ಡಿ ಎಳೆದು ನೋಡಿದೆ. ತುದಿಯಲ್ಲಿ ಕೆಂಪು ನೊರೆ. ಮೂಸಿದೆ. ಚೊಗರು.

ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಬೇರೆಯವರಿಗೆ ಹೇಳುತ್ತೇನೆ: ಹಸಿ ಅಡಿಕೆ ಬೇಯಿಸಿದ ನೀರು ಬತ್ತಿ ಬತ್ತಿ ಗಟ್ಟಿಯಾದರೆ ಅದೇ ಚೊಗರು. ಮುಂದಿನ ಅಡಿಕೆಗೆ ಬಣ್ಣ ಕೊಡಲು ಅದನ್ನು ಎತ್ತಿಡುತ್ತಾರೆ. ಎತ್ತಿಡಲು ನಮ್ಮ ಮನೆಗಳಲ್ಲಿ ಖಾಲಿ ಆಯಿಲ್ ಡಬ್ಬಿಗಿಂತ ಒಳ್ಳೆಯ ಪಾತ್ರೆ ಇಲ್ಲ. ನಾನು ತಂದ ಹೊಸ ಡಬ್ಬಿಯ ಪಕ್ಕದಲ್ಲೇ ಅದೇ ಬಣ್ಣದ ಹಳೆಯ ಡಬ್ಬಿ ಇತ್ತಂತೆ.

ಗಂಡ ತಲೆಯ ಮೇಲೆ ಕೈ ಹೊತ್ತು ಕಟ್ಟೆಯ ಮೇಲೆ ಕೂತರು. "ಕಪ್ಪಗೆ, ಗಟ್ಟಿಗಿತ್ತು. ಆಯಿಲ್ಲೇ ಅಂದ್ಕೊಂಡೆ."

"ವರ್ಷಾವರ್ಷ ಹಂಡೆಗಟ್ಟಲೆ ಚೊಗರು ಕಾಸ್ತೀರಿ, ವಾಸ್ನೆ ಗೊತ್ತಾಗ್ಲಿಲ್ವಾ?"

"ಅದ್ರಾಗೇ ಮುಳುಗಿರೋನಿಗೆ ಏನ್ ವಾಸ್ನೆ ಗೊತ್ತಾಗ್ತೈತೆ?"

ಸಿಟ್ಟಿನಲ್ಲೂ ನಗು ಬಂತು. ಆಮೇಲೆ ನಗು ಹೋಗಿ ಹೆದರಿಕೆ ಬಂತು. ಎಂಜಿನ್ನಿನೊಳಗೆ ನೀರು ಸೇರಿದರೆ ತುಕ್ಕು ಹಿಡಿಯುತ್ತದೆ, ಕ್ಲಚ್ ಪ್ಲೇಟು ಜಾರುತ್ತದೆ. ಇದು ಬರೀ ನೀರೂ ಅಲ್ಲ, ಅಂಟು.

"ಟೆಂಪೋದಾಗೆ ಹಾಕಿ ಶೋರೂಮಿಗೆ ಕಳ್ಸೋಣ," ಎಂದರು ಗಂಡ.

"ಕಳ್ಸಿದ್ರೆ ಸಾಮಾನು ಬರ್ಬೇಕು ಅಂತ ತಿಂಗಳು ಇಟ್ಕೊಂತಾರೆ. ನನ್ನ ಸುಗ್ಗಿ ಮುಗೀತೈತೆ."

"ಸೋಮವಾರ ನಾನೇ ಜಗಳೂರಿಗೆ ಬಿಟ್ಟು ಬರ್ತೀನಿ, ಬಿಡು."

ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಆದರೆ ಆ ಮಾತು ನನಗೆ ಚೊಗರಿಗಿಂತ ಒಗರಾಗಿ ತಾಗಿತು. "ಸೋಮವಾರ ನೀವು ಬಿಡ್ತೀರಿ. ಮಂಗಳವಾರ ಹೊನ್ನಾಳಿಗೆ ಯಾರು ಬಿಡ್ತಾರೆ? ಬುಧವಾರ ನ್ಯಾಮತಿಗೆ?" ಎಂದೆ. ನಾಲ್ಕು ತಾಲ್ಲೂಕಿನಲ್ಲಿ ನಾನು ಯಾರನ್ನೂ ಕೇಳದೆ ಹೋಗಿಬರುತ್ತಿದ್ದುದು ಆ ಗಾಡಿಯಿಂದ. ಅದು ನಿಂತರೆ ನಾನು ಮತ್ತೆ ಯಾರದಾದರೂ ಹಿಂದಿನ ಸೀಟು. ಅದನ್ನು ನೆನೆಸಿಕೊಂಡರೇ ನನಗೆ ಅಳು ಬರುತ್ತಿತ್ತು. ಅಳುವ ಬದಲು ಹದಿನೇಳರ ಸ್ಪ್ಯಾನರ್ ಎತ್ತಿಕೊಂಡೆ.

ಅಡಿಯ ಬೋಲ್ಟ್ ಬಿಚ್ಚಿದಾಗ ಬಂದದ್ದು ರಾಗಿ ಅಂಬಲಿಯಂಥದ್ದು. ಪೂರ್ತಿ ಬಸಿಯಲೆಂದು ಬಿಟ್ಟು, ಡೀಸೆಲ್ ಹೊಯ್ದು, ಗಾಡಿಯನ್ನು ಅತ್ತಿತ್ತ ವಾಲಾಡಿಸಿ ಮತ್ತೆ ಬಸಿದೆ. ತಿಳಿಯಾಗುವವರೆಗೂ ಅದೇ ಕೆಲಸ. ಭಾನುವಾರ ಬೆಳಿಗ್ಗೆ ಬಲಬದಿಯ ಕವರನ್ನೇ ಬಿಚ್ಚಿದೆ. ಮುಚ್ಚಳಕ್ಕಿಂತ ಒಳಗೆ ನಾನು ಕೈ ಹಾಕಿದ್ದು ಅದೇ ಮೊದಲು. ಬಿಚ್ಚಿದ ತಿರುಪನ್ನೆಲ್ಲ ಅವು ಇದ್ದ ಜಾಗದ ಕ್ರಮದಲ್ಲೇ ಒಂದು ರಟ್ಟಿಗೆ ಚುಚ್ಚಿಟ್ಟೆ. ಎಣ್ಣೆ ಸೋಸುವ ಜಾಲರಿಗೆ ಚೊಗರು ಮೇಣದಂತೆ ಮೆತ್ತಿತ್ತು. ಕ್ಲಚ್ ಪ್ಲೇಟುಗಳನ್ನು ಒಂದೊಂದಾಗಿ ಪೆಟ್ರೋಲಿನಲ್ಲಿ ತೊಳೆದು ಒರೆಸಿದೆ. ಗಂಡ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು, ಕೇಳಿದ್ದನ್ನು ಕೇಳಿದಾಗ ಕೊಟ್ಟರು. ಕೊಡುವ ಮುಂಚೆ ಒಂದೊಂದನ್ನೂ ಮೂಸಿದರು.

ಕವರಿನ ಗ್ಯಾಸ್ಕೆಟ್ ಹರಿದಿತ್ತು. ಗ್ಯಾಸ್ಕೆಟ್ ಎಂದರೆ ಎರಡು ಲೋಹದ ನಡುವೆ ಎಣ್ಣೆ ಸೋರದಂತೆ ಕೂರುವ ತೆಳು ಹಾಳೆ. ಶೋರೂಮಿಗೆ ಫೋನ್ ಮಾಡಿದರೆ, "ಸಾಮಾನು ಹಂಗೇ ಕೊಡಾಕೆ ಬರಲ್ಲ, ಗಾಡಿ ತಂದ್ರೆ ಹಾಕ್ಕೊಡ್ತೀವಿ" ಎಂದರು. ಊರಿನ ಸ್ಪೇರ್ಸ್ ಅಂಗಡಿಯಲ್ಲಿ ಗ್ಯಾಸ್ಕೆಟ್ ಹಾಳೆ ಮಾತ್ರ ಇತ್ತು. ನನಗೆ ಅಷ್ಟೇ ಬೇಕಾಗಿದ್ದುದು. ಬ್ಲೌಸಿನ ಕೊರಳು ಕತ್ತರಿಸಿದ ಕೈ ಇದು. ಕವರನ್ನು ಹಾಳೆಯ ಮೇಲಿಟ್ಟು, ಸುತ್ತ ಟೈಲರ್ ಚಾಕಿನಲ್ಲಿ ಗೆರೆ ಎಳೆದು, ಕತ್ತರಿಯಲ್ಲಿ ಕತ್ತರಿಸಿದೆ. ಬೋಲ್ಟಿನ ತೂತುಗಳನ್ನು ಬಟನ್ ಪಂಚಿನಲ್ಲಿ ಹೊಡೆದೆ. ಇನ್ನೇನು ಕೂರಿಸಬೇಕು, ಹರಿದ ಹಳೆಯ ತುಂಡುಗಳನ್ನು ಜೋಡಿಸಿ ನೋಡಿದರೆ ಯಾವ ಬೋಲ್ಟೂ ಹೋಗದ ಒಂದು ಸಣ್ಣ ತೂತು ಹೆಚ್ಚಿಗೆ ಕಂಡಿತು. ಎಣ್ಣೆ ಮೇಲೇರುವ ದಾರಿ ಅದು. ಮುಚ್ಚಿಬಿಟ್ಟಿದ್ದರೆ ಎಂಜಿನ್ ಒಣಗಿ ಹಿಡಿದುಕೊಳ್ಳುತ್ತಿತ್ತು. ಹಳೆಯ ತುಂಡಿನ ಮೇಲೆ ಎರಡು ಸಲ ಅಳತೆ ನೋಡಿ ಆ ತೂತನ್ನೂ ಹೊಡೆದೆ.

ಕಡಿಮೆ ಬೆಲೆಯ ಆಯಿಲ್ ಹಾಕಿ, ಸ್ವಲ್ಪ ಹೊತ್ತು ಓಡಿಸಿ, ಅದನ್ನೂ ಬಸಿದೆ. ಆಮೇಲೆ ಹೊಸದನ್ನು ನನ್ನ ಕೈಯಾರೆ ಹೊಯ್ದೆ. ಕಿಕ್ ಹೊಡೆದೆ. ಗಂಟಲು ಬಿಟ್ಟಿತ್ತು. ಕೆರೆಬಿಳಚಿಯವರೆಗೆ ಹೋಗಿ ಬಂದು ಕಡ್ಡಿ ಎಳೆದರೆ ಜೇನಿನ ಬಣ್ಣ. ಗಂಡ ನನಗಿಂತ ಮುಂಚೆ ಬಗ್ಗಿ ನೋಡಿ, "ಐತೆ, ಸರಿ ಐತೆ!" ಎಂದು ಕೂಗಿದರು. ಕ್ಲಚ್ಚು ಏರಿನಲ್ಲಿ ಚೂರು ಜಾರುತ್ತಿದ್ದುದನ್ನು ನಾನು ಅವರಿಗೆ ಹೇಳಲಿಲ್ಲ. ಆ ಪ್ಲೇಟು ಯಾವುದೆಂದು ನನಗೆ ಗೊತ್ತಿತ್ತು, ಸುಗ್ಗಿ ಮುಗಿದ ಮೇಲೆ ಬದಲಿಸಿದರಾಯಿತು.

ಸೋಮವಾರ ಎರಡೂ ತಲೆಗಳನ್ನು ಬಿಗಿದುಕೊಂಡು ಹೊರಟೆ. ತ್ಯಾವಣಿಗೆ ದಾಟಿತು, ದಾವಣಗೆರೆ ದಾಟಿತು. ಅಡಿಕೆ ಮುಗಿದು ಮೆಕ್ಕೆಜೋಳದ ಹೊಲಗಳು ಶುರುವಾದವು. ದಾರಿಯುದ್ದಕ್ಕೂ ಕಿವಿ ಎಂಜಿನ್ನಿನ ಮೇಲೆ. ಜಗಳೂರಿನ ಕೇಂದ್ರದ ಬಾಗಿಲು ಆಗಷ್ಟೇ ತೆರೆದಿತ್ತು. ಟೀಚರ್ ಮೆಟ್ಟಿಲ ಮೇಲೆ ಫೋನ್ ಹಿಡಿದು ನಿಂತಿದ್ದರು. ನನ್ನನ್ನು ಕಂಡು ಫೋನನ್ನು ಬ್ಯಾಗಿಗೆ ಹಾಕಿದರು. ಹೆಲ್ಮೆಟ್ ತೆಗೆಯುತ್ತಿದ್ದ ನನ್ನ ಕೈಗಳ ಮೇಲೆ ಅವರ ಕಣ್ಣು ಬಿತ್ತು. ಉಗುರಿನಿಂದ ಮಣಿಕಟ್ಟಿನವರೆಗೆ ಕೆಂಗಪ್ಪು ಬಣ್ಣ.

"ಮದುವೆಗೆ ಹೋಗಿದ್ರೇನ್ರೀ? ಮದರಂಗಿ ಭಾರೀ ಹತ್ತೈತೆ."

"ಮದುವೆ ಅಲ್ರೀ. ಎಂಜಿನ್ ಬಿಚ್ಚಿದ್ದೆ."

ಅವರು ಬೈಕನ್ನು ನೋಡಿದರು, ನನ್ನ ಹಿಂದೆ ಬೇರೆ ಯಾರಾದರೂ ಬಂದಿದ್ದಾರೇನೋ ಎಂದು ರಸ್ತೆಯನ್ನು ನೋಡಿದರು. "ಯಾರ ಜೊತೆ ಬಂದ್ರಿ?"

"ಯಾರ ಜೊತೆನೂ ಇಲ್ಲ," ಎಂದೆ. ಹಗ್ಗ ಬಿಚ್ಚಿ ಮಷೀನಿನ ಒಂದು ತುದಿ ಎತ್ತಿದೆ. "ಇಳಿಸಾಕೆ ಒಂದು ಕೈ ಕೊಡ್ರಿ, ಮಧ್ಯಾಹ್ನದೊಳಗೆ ನಾನು ವಾಪಸ್ ಹೋಗ್ಬೇಕು."